ಮಹಾಜನ ವರದಿ ಜಾರಿ ಮಾಡುವುದು ಯಾರ ಕೈಯಲ್ಲಿದೆ?

ಓದುಗರ ಪ್ರಶ್ನೆ: ನಾನು ಪೆರ್ಲದ ಕಡೆಯವನು. ಪ್ರತಿ ಚುನಾವಣೆಗೆ, ಪ್ರತಿ ನವೆಂಬರ್ ಒಂದಕ್ಕೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು, ಮಹಾಜನ ವರದಿ ಜಾರಿಯಾಗಬೇಕು ಅಂತ ಕೇಳುತ್ತಲೇ ಇದ್ದೇನೆ. ಅಜ್ಜನ ಕಾಲದಿಂದ ಇದೇ ಮಾತು. ಬೆಂಗಳೂರಿನ ಗೆಳೆಯರು "ನಿಮ್ಮ ಎಂಎಲ್‌ಎ ಏನು ಮಾಡ್ತಿದ್ದಾರೆ?" ಅಂತಾರೆ. ಊರಲ್ಲಿ "ಕರ್ನಾಟಕದ ಮುಖ್ಯಮಂತ್ರಿಗಳಿಗೆ ಮನಸ್ಸಿಲ್ಲ" ಅಂತಾರೆ. ನಿಜವಾಗಿ ಇದು ಯಾರ ಕೈಯಲ್ಲಿದೆ?

ಸಂಸತ್ತಿನ ಕೈಯಲ್ಲಿದೆ. ಮಹಾಜನ ವರದಿ ಅಂದರೆ ಕೇಂದ್ರ ನೇಮಿಸಿದ ಗಡಿ ಆಯೋಗದ 1967ರ ವರದಿ; ಈಗ ಕೇರಳದಲ್ಲಿರುವ ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕು ಎಂದು ಅದರಲ್ಲಿದೆ. ಗಡಿ ಬದಲಿಸುವ ಅಧಿಕಾರ ನಮ್ಮ ಕ್ಷೇತ್ರವಾದ ಮಂಜೇಶ್ವರದ ಶಾಸಕರಿಗೆ ಇಲ್ಲ. ಬೆಂಗಳೂರಿನ ಮುಖ್ಯಮಂತ್ರಿಗೂ ಇಲ್ಲ, ತಿರುವನಂತಪುರದವರಿಗೂ ಇಲ್ಲ.

ಸಂವಿಧಾನದ 3ನೇ ವಿಧಿ ಹೇಳುವುದು ಇದನ್ನೇ. ರಾಜ್ಯದ ಗಡಿ ಬದಲಿಸುವ ಮಸೂದೆ ಸಂಸತ್ತಿನಲ್ಲೇ ಬರಬೇಕು. ಅದಕ್ಕೆ ರಾಷ್ಟ್ರಪತಿಗಳ ಶಿಫಾರಸು ಬೇಕು, ಅಂದರೆ ಕೇಂದ್ರ ಸರ್ಕಾರ ಮನಸ್ಸು ಮಾಡಬೇಕು. ಗಡಿ ಬದಲಾಗುವ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಲೇಬೇಕು. ಆದರೆ ಅವರು ಬೇಡ ಅಂದರೂ ಸಂಸತ್ತು ಮುಂದೆ ಹೋಗಬಹುದು. 2014ರ ಜನವರಿಯಲ್ಲಿ ಆಂಧ್ರದ ವಿಧಾನಸಭೆ ತೆಲಂಗಾಣ ಮಸೂದೆಯನ್ನು ತಿರಸ್ಕರಿಸಿತು. ಮರುತಿಂಗಳೇ ಸಂಸತ್ತು ಅದನ್ನು ಪಾಸು ಮಾಡಿತು. ಜೂನ್ 2ಕ್ಕೆ ಹೊಸ ರಾಜ್ಯ ಬಂತು. ಇದಕ್ಕೆ ಮೂರರಲ್ಲಿ ಎರಡು ಬಹುಮತವೂ ಬೇಡ. 4ನೇ ವಿಧಿ ಪ್ರಕಾರ ಇದು ಸಂವಿಧಾನ ತಿದ್ದುಪಡಿಯ ಲೆಕ್ಕಕ್ಕೆ ಬರುವುದಿಲ್ಲ.

ದಾರಿ ಇಷ್ಟು ಸಲೀಸು ಇದ್ದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನ ಜಾಗದ ಆಧಾರಪತ್ರ ಇದೆ. ಸ್ಟಾಂಪ್ ಪೇಪರು ಕಂದು ಬಣ್ಣಕ್ಕೆ ತಿರುಗಿದೆ, ಮಡಚಿದ ಕಡೆ ಹರಿದಿದೆ. ಶುರುವಿನಲ್ಲೇ "ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು" ಅಂತ ಕನ್ನಡದಲ್ಲಿ ದುಂಡಗೆ ಬರೆದಿದೆ. ಅದರ ಜೊತೆಗಿಟ್ಟ ಈಚಿನ ತೆರಿಗೆ ರಶೀದಿ ಮಲಯಾಳದಲ್ಲಿದೆ. ಜಾಗ ಅದೇ. ಗದ್ದೆಯ ಕಟ್ಟಪುಣಿಯೂ ಅಜ್ಜ ನಡೆದಾಡಿದ್ದೇ. ನಡುವೆ 1956ರ ನವೆಂಬರ್ 1 ಬಂದು ಹೋಯಿತು.

ಅಲ್ಲಿಯವರೆಗೆ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಮೂವರಿದ್ದರು. ಫಜಲ್ ಅಲಿ ಅಧ್ಯಕ್ಷರು, ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಅವರು ನೋಡಿದ್ದು ಇಡೀ ತಾಲೂಕನ್ನು. ಆಗಿನ ಕಾಸರಗೋಡು ತಾಲೂಕು ತುಂಬ ದೊಡ್ಡದು, ಹೊಸದುರ್ಗವೂ ಅದರೊಳಗೇ ಇತ್ತು. ಒಟ್ಟಾಗಿ ಲೆಕ್ಕ ಹಾಕಿದರೆ ಮಲಯಾಳ ಮಾತಾಡುವವರೇ ಜಾಸ್ತಿ. ಹಾಗಾಗಿ ತಾಲೂಕು ಪೂರ್ತಿಯಾಗಿ ಕೇರಳಕ್ಕೆ ಹೋಯಿತು. ಉತ್ತರದ ಕುಂಬಳೆ, ಮಂಜೇಶ್ವರ, ಪೈವಳಿಕೆ, ಎಣ್ಮಕಜೆಗಳನ್ನು ಬೇರೆಯಾಗಿ ನೋಡಿದ್ದರೆ ಚಿತ್ರ ಬೇರೆಯೇ ಇರುತ್ತಿತ್ತು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಏನೇ ಆಡಲಿ, ಇಲ್ಲಿ ಓದು ಬರಹಕ್ಕೆ ಹೆಚ್ಚಿನವರು ಹಿಡಿದದ್ದು ಕನ್ನಡವನ್ನೇ.

ಆ ಬೇರೆ ಲೆಕ್ಕವನ್ನು ಮಾಡಿದ್ದು ಮಹಾಜನ ಆಯೋಗ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಮೆಹರ್‌ಚಂದ್ ಮಹಾಜನರನ್ನು ಕೇಂದ್ರ ಸರ್ಕಾರ 1966ರ ಅಕ್ಟೋಬರ್‌ನಲ್ಲಿ ನೇಮಿಸಿತು. 1967ರ ಆಗಸ್ಟ್‌ನಲ್ಲಿ ವರದಿ ಬಂತು. ತಾಲೂಕನ್ನು ಅವರು ನದಿಯಿಂದ ಗೆರೆ ಎಳೆದು ನೋಡಿದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದರು. ಕಾಸರಗೋಡು ಪೇಟೆ ಹೊಳೆಯ ಉತ್ತರ ದಡದಲ್ಲಿದೆ. ಪೇಟೆಯಿಂದ ಸೇತುವೆ ದಾಟಿದರೆ ಸಿಗುವ ಚಂದ್ರಗಿರಿ ಕೋಟೆ, ಮುಂದೆ ಬೇಕಲ, ಕಾಞಂಗಾಡ್ ಕೇರಳದಲ್ಲೇ ಉಳಿಯುತ್ತಿದ್ದವು.

ಈ ಆಯೋಗ ಹುಟ್ಟಿದ್ದು ಕಾಸರಗೋಡಿಗಾಗಿ ಅಲ್ಲ ಎಂಬುದು ತುಂಬ ಜನರಿಗೆ ಗೊತ್ತಿಲ್ಲ. ಅದು ಬೆಳಗಾವಿಯ ಜಗಳದಿಂದ ಹುಟ್ಟಿದ್ದು. ಬೆಳಗಾವಿ ತಮಗೆ ಬೇಕೆಂದು ಮಹಾರಾಷ್ಟ್ರದಲ್ಲಿ ಚಳವಳಿ ನಡೆದಿತ್ತು, ಸೇನಾಪತಿ ಬಾಪಟ್ ಉಪವಾಸ ಕೂತಿದ್ದರು. ಮಹಾಜನರು ಬೆಳಗಾವಿ ಮೈಸೂರಿನಲ್ಲೇ ಇರಲಿ ಎಂದರು. ನಿಪ್ಪಾಣಿ, ಖಾನಾಪುರ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಸೇರಿ 247 ಊರುಗಳು ಇತ್ತ ಬರಲಿ ಎಂದರು. ಆಯೋಗ ಬೇಕೆಂದು ಹಟ ಹಿಡಿದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ. ಕೇರಳ ಒಪ್ಪಲಿಲ್ಲ. ಕರ್ನಾಟಕದ ನಿಲುವು ಒಂದೇ: ಮಾಡುವುದಾದರೆ ವರದಿಯನ್ನು ಇದ್ದ ಹಾಗೇ ಜಾರಿ ಮಾಡಿ.

ನಮ್ಮ ಗಂಟು ಕೂತಿರುವುದು ಇಲ್ಲೇ. ಇದ್ದ ಹಾಗೇ ಜಾರಿ ಎಂದರೆ ಕರ್ನಾಟಕ ನಿಪ್ಪಾಣಿ, ಖಾನಾಪುರ ಬಿಟ್ಟುಕೊಡಬೇಕು. ಯಾವ ಮುಖ್ಯಮಂತ್ರಿ ಅಲ್ಲಿಯ ಜನರೆದುರು ನಿಂತು ಆ ಮಾತು ಹೇಳಿಯಾರು? ಕಾಸರಗೋಡನ್ನು ಮಾತ್ರ ಕೇಳಿದರೆ ಮಹಾರಾಷ್ಟ್ರ "ಹಾಗಾದರೆ ವರದಿ ಅಂತಿಮ ಅಲ್ಲ, ಬೆಳಗಾವಿಯನ್ನೂ ಮತ್ತೆ ನೋಡಿ" ಅನ್ನುತ್ತದೆ. ಅವರು 2004ರಲ್ಲೇ ಬೆಳಗಾವಿಗಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಹಾಗಾಗಿ ವೇದಿಕೆಯಲ್ಲಿ "ಮಹಾಜನ ವರದಿಯೇ ಅಂತಿಮ" ಎಂಬ ಮಾತು ಬಂದಾಗ ಅದು ಹೆಚ್ಚಾಗಿ ಬೆಳಗಾವಿಯನ್ನು ಉಳಿಸಿಕೊಳ್ಳುವ ಮಾತು. ಕಾಸರಗೋಡಿನವರಾದ ನಮಗೆ ಇದನ್ನು ಒಪ್ಪಲು ಕಷ್ಟ. ನನಗೂ ಬೇಜಾರಾಗುತ್ತದೆ. ಆದರೆ ತಿಳಿದುಕೊಂಡಿರಬೇಕು.

ಗಡಿ ಬದಲಾದ ಉದಾಹರಣೆಯೇ ಇಲ್ಲ ಅಂದುಕೊಳ್ಳಬೇಡಿ. ತಿರುತ್ತಣಿ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿತ್ತು. ಎಚ್.ವಿ. ಪಾಟಸ್ಕರ್ ಮಧ್ಯಸ್ಥಿಕೆ ವಹಿಸಿದರು, ಎರಡೂ ರಾಜ್ಯಗಳು ಒಪ್ಪಿದವು. ಸಂಸತ್ತು 1959ರಲ್ಲಿ ಕಾಯಿದೆ ಮಾಡಿತು, 1960ರ ಏಪ್ರಿಲ್ 1ಕ್ಕೆ ತಿರುತ್ತಣಿ ಮದ್ರಾಸಿಗೆ ಸೇರಿತು. ಅಲ್ಲಿ ಇದ್ದ ಒಪ್ಪಿಗೆ ನಮ್ಮಲ್ಲಿ ಒಂದು ದಿನವೂ ಇರಲಿಲ್ಲ.

ಇನ್ನು ನಮ್ಮ ಎಂಎಲ್‌ಎ ವಿಷಯ. ಮಂಜೇಶ್ವರದ ಮತಪೆಟ್ಟಿಗೆಯಲ್ಲಿ ಈ ಬೇಡಿಕೆ ಗಟ್ಟಿಯಾಗಿದ್ದ ಕಾಲ ಇತ್ತು. 1957ರಲ್ಲಿ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರ ದಶಕದಲ್ಲಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎನ್ನುತ್ತಿದ್ದ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿ ಗೆದ್ದರು. 1970ರಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದ ಮೇಲೆ ಕ್ಷೇತ್ರ ಪಕ್ಷಗಳ ಕೈಗೆ ಹೋಯಿತು. 2016ರಲ್ಲಿ ಇಲ್ಲಿ ಸೋಲು ಗೆಲುವಿನ ನಡುವೆ ಇದ್ದದ್ದು ಬರೀ 89 ಮತ. ಅಷ್ಟು ಬಿಗಿಯಾದ ಕ್ಷೇತ್ರದಲ್ಲಿ ಮಲಯಾಳದವರ ಮತವೂ ಬೇಕು, ಕನ್ನಡದವರ ಮತವೂ ಬೇಕು. ಗಡಿಯ ಮಾತನ್ನು ಎಲ್ಲರೂ ಮೆಲ್ಲಗೆ ಬದಿಗಿಡುತ್ತಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಗಿಟ್ಟಿರಲಿಲ್ಲ. ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಅವರ ಆಸೆ ಕೈಗೂಡಲಿಲ್ಲ.

ಶಾಸಕರಿಂದ ಏನೂ ಆಗುವುದಿಲ್ಲ ಅಂತ ಇದರ ಅರ್ಥ ಅಲ್ಲ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಅದನ್ನು ಕೇಳಿ ನನಗೆ ಖುಷಿಯಾಯಿತು. ಆದರೆ ಶಾಸಕರು ಒತ್ತಾಯ ಹೇರಬಹುದಾದ ಇನ್ನೂ ದೊಡ್ಡ ಜಾಗ ಒಂದಿದೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇದಕ್ಕೆ ಸಂಸತ್ತು ಬೇಡ, ಬೆಳಗಾವಿಯೂ ಅಡ್ಡ ಬರುವುದಿಲ್ಲ.

ಆಗುವುದೇನು ಅಂತ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ಗುಡ್ಡದ ಬರೆ ಜರಿದು ಚಿಕ್ಕಮ್ಮನ ಹಟ್ಟಿ ಬಿತ್ತು. ಪರಿಹಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಒಂದು ಕಚೇರಿಗೆ ಹೋದೆವು. ಕೌಂಟರಿನಲ್ಲಿದ್ದ ಹುಡುಗ ಬೇರೆ ಜಿಲ್ಲೆಯಿಂದ ಬಂದವನು. ಕಾಗದವನ್ನು ಮೇಲೆ ಕೆಳಗೆ ನೋಡಿ "ಎನಿಕ್ಕ್ ಕನ್ನಡ ಅರಿಯಿಲ್ಲ ಚೇಚಿ" (ನನಗೆ ಕನ್ನಡ ಗೊತ್ತಿಲ್ಲ ಅಕ್ಕ) ಎಂದ. ಮರ್ಯಾದೆಯಿಂದಲೇ ಹೇಳಿದ, ಅವನ ತಪ್ಪಲ್ಲ. ಕನ್ನಡ ಬಾರದವನನ್ನು ಆ ಕುರ್ಚಿಯಲ್ಲಿ ಕೂರಿಸಿದವರ ತಪ್ಪು. ಅರ್ಜಿ ತೆಗೆದುಕೊಂಡ. ಸ್ವಲ್ಪ ದಿನದಲ್ಲಿ ಉತ್ತರ ಬಂತು, ಮಲಯಾಳದಲ್ಲಿ. ಚಿಕ್ಕಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ. ಪಕ್ಕದ ಮನೆಯ ಹುಡುಗಿ ಹಾಸ್ಟೆಲಿನಿಂದ ಬಂದ ಮೇಲೆ ಓದಿಸಿದರು. ತೆರಿಗೆ ರಶೀದಿಯನ್ನು ಏಳು ದಿನದೊಳಗೆ ತಂದುಕೊಡಿ ಅಂತ ಅದರಲ್ಲಿತ್ತು. ಅಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು.

ಮತ ಕೇಳಲು ಬಂದವರನ್ನು ನಾನು ಈಗ ಇದನ್ನೇ ಕೇಳುತ್ತೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕಚೇರಿಗಳಲ್ಲಿ ಕನ್ನಡ ಓದಬಲ್ಲವರು ಎಷ್ಟು ಮಂದಿ ಇದ್ದಾರೆ? ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಯಾಕೆ ಹಾಕುತ್ತೀರಿ? ಅರ್ಜಿ ಫಾರಂ ಕನ್ನಡದಲ್ಲಿ ಯಾವಾಗ ಸಿಗುತ್ತದೆ? ಗಡಿಯ ಬಗ್ಗೆ ಕೇಳಬೇಕಾದದ್ದು ಲೋಕಸಭೆಗೆ ನಿಲ್ಲುವವರನ್ನು, ಅದೂ ಹೀಗೆ: 3ನೇ ವಿಧಿಯಡಿ ಮಸೂದೆ ತರಲು ನಿಮ್ಮ ಪಕ್ಷ ಕೇಂದ್ರದಲ್ಲಿ ಒಪ್ಪುತ್ತದಾ?

ಚಿಕ್ಕಮ್ಮ ಎರಡನೇ ಅರ್ಜಿ ಕೊಟ್ಟರು. ಮೇಲ್ಗಡೆ "1969ರ ಕಾಯಿದೆಯಂತೆ ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ" ಅಂತ ಬರೆದೆವು. ಒಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡೆವು. ನೀವೂ ಹಾಗೇ ಮಾಡಿ. ಕನ್ನಡದಲ್ಲಿ ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಲಗತ್ತಿಸಿ ವಿದ್ಯಾನಗರದ ಕಲೆಕ್ಟರೇಟಿಗೆ ದೂರು ಬರೆಯಿರಿ, ಅದನ್ನೂ ಕನ್ನಡದಲ್ಲೇ.