ಹೈಕ್ ಪ್ಲಾನ್: ವಾಪಸ್ ತಿರುಗುವ ಹೊತ್ತನ್ನು ಲೆಕ್ಕ ಹಾಕುವುದು ಹೇಗೆ?

ಸ್ಕೌಟ್ ಮಾಸ್ಟರ್ ಕೋರ್ಸ್‌ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಪೋಷಕರ ಒಪ್ಪಿಗೆ ಪತ್ರ, ಕಾಡಿನ ದಾರಿಯಾದರೆ ಅರಣ್ಯ ಇಲಾಖೆಯ ಅನುಮತಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮಕ್ಕಳ ಹೆಸರಿನ ಪಟ್ಟಿ ಎರಡು ಪ್ರತಿ (ಒಂದು ನಮ್ಮ ಜೇಬಿನಲ್ಲಿ, ಒಂದು ಶಾಲೆಯಲ್ಲಿ) ಇವೆಲ್ಲ ನಿಮಗೆ ಗೊತ್ತಿರುವುದೇ. ತಲೆಗೆ ಹತ್ತಲು ನನಗೆ ಕಷ್ಟವಾದದ್ದು ಸಮಯದ ಲೆಕ್ಕ. ಅದನ್ನೇ ಬಿಡಿಸಿ ಬರೆಯುತ್ತೇನೆ.

ನೈಸ್ಮಿತ್ ಲೆಕ್ಕ

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇದು. ಗಂಟೆಗೆ 5 ಕಿ.ಮೀ. ನಡಿಗೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 10 ಮೀಟರ್ ಏರಿಗೆ 1 ನಿಮಿಷ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಪಕ್ಕಪಕ್ಕದ ಎರಡು ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನಡುವೆ 20 ಮೀಟರ್ ಎತ್ತರದ ವ್ಯತ್ಯಾಸ. ಹಾಗಾದರೆ ಏರುವಾಗ ದಾಟುವ ಒಂದೊಂದು ಗೆರೆಗೂ ಎರಡು ನಿಮಿಷ. ಇದು ನನಗೆ ತುಂಬಾ ಇಷ್ಟವಾದ ಸುಲಭ ದಾರಿ. ಚಾಮುಂಡಿ ಬೆಟ್ಟ ಪಾದದಿಂದ ಮೇಲಕ್ಕೆ ಸುಮಾರು 300 ಮೀಟರ್. ಹದಿನೈದು ಗೆರೆ, ಅರ್ಧ ಗಂಟೆ. ದಾರಿ ನಡುವೆ ಇಳಿದು ಮತ್ತೆ ಏರಿದರೆ, ಆ ಏರನ್ನೂ ಸೇರಿಸಿ ಎಣಿಸಬೇಕು. ಬುಡ ಮತ್ತು ತುದಿಯ ವ್ಯತ್ಯಾಸ ನೋಡಿದರೆ ಸಾಲದು.

ಆದರೆ 5 ಕಿ.ಮೀ. ವೇಗ ಗಟ್ಟಿಮುಟ್ಟಾದ ದೊಡ್ಡವರದ್ದು. ಬ್ಯಾಗ್ ಹೊತ್ತ ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ನಾನು 3 ಕಿ.ಮೀ. ಹಿಡಿಯುತ್ತೇನೆ. ನೀರು ಕುಡಿಯಲು, ಶೂ ಲೇಸ್ ಕಟ್ಟಲು ಗಂಟೆಗೆ ಹತ್ತು ನಿಮಿಷ ಬೇರೆ.

ಹಿಂದಿನಿಂದ ಮುಂದಕ್ಕೆ ಎಣಿಸುವುದು

ಲೆಕ್ಕ ಶುರುವಾಗಬೇಕಾದದ್ದು ಹೊರಡುವ ಹೊತ್ತಿನಿಂದ ಅಲ್ಲ, ಕತ್ತಲಿನಿಂದ. ಮೈಸೂರಿನಲ್ಲಿ ಡಿಸೆಂಬರ್ ಮೊದಲಲ್ಲಿ ಸೂರ್ಯ 6 ಗಂಟೆ ಆಸುಪಾಸಿಗೆ ಮುಳುಗುತ್ತಾನೆ. ಒಂದು ಗಂಟೆ ಕೈಯಲ್ಲಿಟ್ಟುಕೊಂಡು 5ಕ್ಕೆ ಎಲ್ಲರೂ ಶಾಲೆಯಲ್ಲಿರಬೇಕು ಅಂದುಕೊಳ್ಳೋಣ.

ಉದಾಹರಣೆಗೆ, ಶಾಲೆಯಿಂದ ಚಾಮುಂಡಿ ಬೆಟ್ಟದ ಪಾದಕ್ಕೆ 4 ಕಿ.ಮೀ., ಅಲ್ಲಿಂದ ಮೆಟ್ಟಿಲು ಹತ್ತಿ ಮೇಲಕ್ಕೆ 2 ಕಿ.ಮೀ. ಇರಲಿ. ಪಾದದವರೆಗೆ 80 ನಿಮಿಷ ನಡಿಗೆ, 10 ನಿಮಿಷ ವಿರಾಮ: ಒಂದೂವರೆ ಗಂಟೆ. ಮೆಟ್ಟಿಲಿಗೆ 40 ನಿಮಿಷ, ಏರಿಗೆ 30, ವಿರಾಮಕ್ಕೆ 10. ಒಟ್ಟು 80 ನಿಮಿಷ, ಇದನ್ನೂ ಒಂದೂವರೆ ಗಂಟೆ ಅನ್ನೋಣ. ಹೋಗಲು 3 ಗಂಟೆ. ವಾಪಸ್ಸಿಗೆ 6 ಕಿ.ಮೀ., ವಿರಾಮ ಸೇರಿ ಎರಡೂವರೆ ಗಂಟೆ.

5ರಿಂದ ಎರಡೂವರೆ ಗಂಟೆ ಕಳೆದರೆ 2:30. ಮೇಲಿನಿಂದ ಇಳಿಯಲು ಶುರು ಮಾಡುವ ಕೊನೆಯ ಹೊತ್ತು ಅದು. ಊಟಕ್ಕೆ ಒಂದು ಗಂಟೆ ಕಳೆದರೆ 1:30ಕ್ಕೆ ಮೇಲಿರಬೇಕು. 10:30 ಆದ ಮೇಲೆ ಹೊರಡುವಂತಿಲ್ಲ. ಇಲ್ಲಿಯವರೆಗೆ ಸುಲಭ.

ತಡ ಎರಡು ಸಲ ಬರುತ್ತದೆ

ಎಡವುವುದು ಇಲ್ಲಿ. 10:30ಕ್ಕೇ ಹೊರಟೆವು ಅಂತಿಟ್ಟುಕೊಳ್ಳಿ. 12ಕ್ಕೆ ತಲುಪಬೇಕಿದ್ದ ಪಾದವನ್ನು 12:30ಕ್ಕೆ ತಲುಪಿದೆವು. ಅರ್ಧ ಗಂಟೆ ತಡ ತಾನೇ, ಊಟ ಬೇಗ ಮುಗಿಸಿದರೆ ಸರಿಹೋಗುತ್ತದೆ ಅನಿಸುತ್ತದೆ. ಸರಿಹೋಗುವುದಿಲ್ಲ.

ಒಂದೂವರೆ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು ಅಂದರೆ ಈ ಮಕ್ಕಳಿಗೆ ಮೂರು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಬೇಕು ಅಂತ ಅರ್ಥ. ಇದೇ ವೇಗದಲ್ಲಿ ಮೇಲೆ ತಲುಪುವುದು 2:30ಕ್ಕೆ. ಪ್ಲಾನಿನಲ್ಲಿ ಬರೆದ ಹೊತ್ತೂ 2:30. ಊಟ ಬಿಟ್ಟರೆ ಆಯಿತಲ್ಲ? ಇಲ್ಲ, ವಾಪಸ್ ದಾರಿಯೂ ಉದ್ದವಾಗಿದೆ. ಮೂರಕ್ಕೆ ನಾಲ್ಕು ಅನ್ನುವ ಅದೇ ಲೆಕ್ಕದಲ್ಲಿ 150 ನಿಮಿಷದ ದಾರಿಗೆ 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. 2:30ಕ್ಕೆ ತಿರುಗಿದರೆ ಶಾಲೆ ಸೇರುವುದು 5:50ಕ್ಕೆ, ಸೂರ್ಯ ಮುಳುಗುವ ಹೊತ್ತಿಗೆ.

ಆದ್ದರಿಂದ ಪಾದದಲ್ಲಿ ನಿಂತು ಹೊಸ ಲೆಕ್ಕ ಹಾಕಬೇಕು. 5ರಿಂದ 3:20 ಕಳೆದರೆ 1:40. ಆಗ ಎಲ್ಲಿದ್ದರೂ ತಿರುಗಬೇಕು. ತಡವಾದಷ್ಟೂ ತಿರುಗುವ ಹೊತ್ತು ಹಿಂದಕ್ಕೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಸುಮಾರು 700ನೇ ಮೆಟ್ಟಿಲ ಹತ್ತಿರವಿರುವ ನಂದಿಯವರೆಗೆ ಹೋಗಿ ಊಟ ಮುಗಿಸಲೂ ಈ ಹೊತ್ತು ಸಾಲದು. ಅದಕ್ಕಿಂತ ಕೆಳಗಿನ ಒಂದು ಜಾಗವನ್ನು ಆ ದಿನದ ಗುರಿ ಮಾಡಿಕೊಂಡು ಅಲ್ಲೇ ಊಟ ಬಿಚ್ಚಬಹುದು. ಅರ್ಧಕ್ಕೆ ತಿರುಗುವುದರಿಂದ ಸ್ವಲ್ಪ ಮುಂಚೆಯೇ ವಾಪಸ್ ಬರುತ್ತೇವೆ, ಅದರಿಂದ ನಷ್ಟವೇನೂ ಇಲ್ಲ. ಈ ಹೊಸ ಹೊತ್ತನ್ನು ಪ್ಯಾಟ್ರೋಲ್ ಲೀಡರ್‌ಗಳಿಗೆ (ಮಕ್ಕಳ ಚಿಕ್ಕ ತಂಡಗಳ ನಾಯಕರಿಗೆ) ಆಗಲೇ ಹೇಳಿಬಿಡಿ. ಮಕ್ಕಳಿಗೆ ಮೊದಲೇ ಗೊತ್ತಿದ್ದರೆ ತುದಿ ಕಾಣುವಾಗ "ಇನ್ನು ಸ್ವಲ್ಪ ಸಾರ್" ಅಂತ ಹಟ ಮಾಡುವುದು ಕಡಿಮೆ.

ಮೊದಲ ಹೈಕ್‌ಗೆ ಚಾಮುಂಡಿ ಬೆಟ್ಟವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಯಾರಿಗಾದರೂ ಕಾಲು ಉಳುಕಿದರೆ ಮೇಲಿನಿಂದ ಬಸ್ ಸಿಗುತ್ತದೆ. ಕುಂತಿ ಬೆಟ್ಟ, ಮೇಲುಕೋಟೆ ಕಡೆಯ ಗುಡ್ಡಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಬೆರಳಿನ ಗಡಿಯಾರ

ಕೈ ಚಾಚಿ ಸೂರ್ಯ ಮತ್ತು ದಿಗಂತದ ನಡುವೆ ಬೆರಳು ಅಡ್ಡ ಹಿಡಿದರೆ ಒಂದು ಬೆರಳಿಗೆ 15 ನಿಮಿಷ ಅಂತ ಕಲಿಸುತ್ತಾರೆ. ನಮ್ಮಲ್ಲಿ ಅದನ್ನು ನಂಬಬೇಡಿ. ಒಂದು ಬೆರಳ ಅಗಲ ಸುಮಾರು 2 ಡಿಗ್ರಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ನಮ್ಮ ಕಡೆ ಹೆಚ್ಚು ಕಡಿಮೆ ನೇರವಾಗಿ ಇಳಿಯುತ್ತಾನೆ. ಹಾಗಾಗಿ ಬೆರಳಿಗೆ ಎಂಟೇ ನಿಮಿಷ. ನಾಲ್ಕು ಬೆರಳು ಅಂದರೆ ಅರ್ಧ ಗಂಟೆ. ಉತ್ತರದ ದೂರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಅಲ್ಲಿ ಜಾಸ್ತಿ ಹೊತ್ತು ಸಿಗುತ್ತದೆ.

ಸಾಲು, ನೀರು, ಹೆಜ್ಜೇನು

ಎಲ್ಲರಿಗಿಂತ ನಿಧಾನದ ಮಗು ಮುಂದಿನ ನಾಯಕನ ಬೆನ್ನ ಹಿಂದೆಯೇ ಇರಲಿ. ಕೊನೆಯಲ್ಲಿ ಸೀಟಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಹಿಡಿದ ದೊಡ್ಡವರೊಬ್ಬರು. ಅವರನ್ನು ದಾಟಿ ಯಾರೂ ಹಿಂದೆ ಉಳಿಯಬಾರದು.

ಬಲಮುರಿ, ಎಡಮುರಿ, ಶ್ರೀರಂಗಪಟ್ಟಣ ಎಲ್ಲೇ ಆಗಲಿ, ಮಕ್ಕಳನ್ನು ಹೊಳೆಗೆ ಇಳಿಸಬೇಡಿ. ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ ಮಳೆ ಸುರಿದು ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮೊಣಕಾಲುದ್ದದ ನೀರು ಏರಿಬಿಡುತ್ತದೆ.

ಬಂಡೆಯ ಮೇಲೆ ಹೆಜ್ಜೇನು ಕಂಡರೆ ಅದರ ಕೆಳಗೆ ಒಲೆ ಹೊತ್ತಿಸುವುದು, ಕೂಗಾಡುವುದು, ಕಲ್ಲು ಎಸೆಯುವುದು ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು, ನೀರಿಗೆ ಹಾರಬಾರದು. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ, ಬಹಳ ಕಡೆ ಕಚ್ಚಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.