41ರ ಲೆಕ್ಕ: ಕ್ಯಾಲಿಫೋರ್ನಿಯಾ ಸ್ಪೀಕರ್ ವಿಲ್ಲಿ ಬ್ರೌನ್ ಅವರ ರಾಜಕೀಯ ಜೀವನ (ಅಧ್ಯಯನ ಟಿಪ್ಪಣಿ)

ಅಮೆರಿಕದ ರಾಜ್ಯ ರಾಜಕಾರಣ ಓದುವಾಗ ನಾವು ಹೆಚ್ಚಾಗಿ ಗವರ್ನರ್‌ಗಳ ಹೆಸರು, ಅವಧಿ ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಶಾಸನಸಭೆಯ ಒಳಗೆ ಅಧಿಕಾರ ಹೇಗೆ ಕೂಡುತ್ತದೆ, ಹೇಗೆ ಚದುರುತ್ತದೆ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೆ ವಿಲ್ಲಿ ಲೂಯಿಸ್ ಬ್ರೌನ್ ಜೂನಿಯರ್ ಅವರಷ್ಟು ಒಳ್ಳೆಯ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. 1965ರ ಆರಂಭದಿಂದ 1995ರ ಕೊನೆಯವರೆಗೆ ಅವರು ಕ್ಯಾಲಿಫೋರ್ನಿಯಾ ಅಸೆಂಬ್ಲಿಯ ಸದಸ್ಯರು. ಅದರಲ್ಲಿ ಹದಿನಾಲ್ಕೂವರೆ ವರ್ಷ ಸ್ಪೀಕರ್.

ಎರಡು ಗೊಂದಲಗಳನ್ನು ಮೊದಲೇ ಬಗೆಹರಿಸಿಕೊಳ್ಳಿ. ಒಂದು, ಗವರ್ನರ್ ಆಗಿದ್ದ ಜೆರ್ರಿ ಬ್ರೌನ್ ಬೇರೆ, ಇವರು ಬೇರೆ. ಇಬ್ಬರಿಗೂ ನೆಂಟಸ್ತನವಿಲ್ಲ. ಎರಡು, ಸ್ಪೀಕರ್ ಎಂದ ಕೂಡಲೇ ನಮಗೆ ಪಕ್ಷಾತೀತವಾಗಿ ಸದನ ನಡೆಸುವವರು ನೆನಪಾಗುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸ್ಪೀಕರ್ ಎಂದರೆ ಸದನದ ರಾಜಕೀಯ ನಾಯಕ. ಯಾವ ಸಮಿತಿಗೆ ಯಾರು ಅಧ್ಯಕ್ಷರು, ಯಾವ ಮಸೂದೆ ಯಾವ ಸಮಿತಿಗೆ, ಯಾವ ಸದಸ್ಯರಿಗೆ ಎಷ್ಟು ಸಿಬ್ಬಂದಿ, ಯಾರಿಗೆ ಯಾವ ಕೊಠಡಿ, ಇವೆಲ್ಲ ಅವರ ಹಿಡಿತದಲ್ಲಿ. ಸ್ಯಾಕ್ರಮೆಂಟೊದ ಕ್ಯಾಪಿಟಲ್ ಕಟ್ಟಡದಲ್ಲಿ ಎಲ್ಲಕ್ಕಿಂತ ಚಿಕ್ಕ ಕೊಠಡಿಗೆ 'ನಾಯಿಗೂಡು' ಎಂದೇ ಅಡ್ಡಹೆಸರು. ಸ್ಪೀಕರ್ ಮಾತು ಮೀರಿದವರು ಅಲ್ಲಿಗೆ ಹೋಗಬೇಕಾಗುತ್ತಿತ್ತು.

ಇನ್ನು ನೆನಪಿಡಬೇಕಾದ ಸಂಖ್ಯೆಗಳು. ಅಸೆಂಬ್ಲಿಯಲ್ಲಿ 80 ಸ್ಥಾನ, ಅವಧಿ ಎರಡು ವರ್ಷ. ಸೆನೆಟ್‌ನಲ್ಲಿ 40 ಸ್ಥಾನ, ಅವಧಿ ನಾಲ್ಕು ವರ್ಷ. ಸಾಮಾನ್ಯ ಮಸೂದೆಗೆ ಅಸೆಂಬ್ಲಿಯಲ್ಲಿ 41 ಮತ, ಸೆನೆಟ್‌ನಲ್ಲಿ 21. ಬ್ರೌನ್ ಕಾಲದಲ್ಲಿ ಬಜೆಟ್‌ಗೆ ಮೂರನೇ ಎರಡು ಭಾಗ ಬೇಕಿತ್ತು, ಅಂದರೆ 54 ಮತ್ತು 27. ಸ್ಪೀಕರ್ ಆಗಲು ತುಂಬಿದ ಸದನದಲ್ಲಿ 41 ಮತ ಸಾಕು. ಆ 41 ಯಾವ ಪಕ್ಷದವು ಎಂದು ಯಾರೂ ಕೇಳುವುದಿಲ್ಲ. ಬ್ರೌನ್ ಅವರ ಏಳುಬೀಳುಗಳೆಲ್ಲ ಈ ಒಂದು ಅಂಶದ ಸುತ್ತ ತಿರುಗುತ್ತವೆ.

ಸೋಲಿನಿಂದ ಕುರ್ಚಿಗೆ

ಹುಟ್ಟಿದ್ದು 1934ರಲ್ಲಿ, ಟೆಕ್ಸಾಸ್‌ನ ಮಿನಿಯೋಲಾ ಎಂಬ ಸಣ್ಣ ಊರಿನಲ್ಲಿ. ಕಪ್ಪು ಮಕ್ಕಳಿಗೆ ಬೇರೆಯೇ ಶಾಲೆ ಇದ್ದ ಕಾಲ. 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸೋದರಮಾವನ ಮನೆಗೆ ಬಂದು ಓದು ಮುಂದುವರಿಸಿದರು, 1958ರಲ್ಲಿ ಕಾನೂನು ಪದವಿ ಪಡೆದರು. 1962ರಲ್ಲಿ ತಮ್ಮದೇ ಡೆಮಾಕ್ರಟಿಕ್ ಪಕ್ಷದ ಹಾಲಿ ಸದಸ್ಯ ಎಡ್ ಗ್ಯಾಫ್ನಿ ಎದುರು ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ನಿಂತು ಸುಮಾರು 900 ಮತಗಳಿಂದ ಸೋತರು. 1964ರಲ್ಲಿ ಅದೇ ಸ್ಥಾನ ಗೆದ್ದರು.

1970ರ ದಶಕದ ಆರಂಭದಲ್ಲಿ, ಬಾಬ್ ಮೊರೆಟ್ಟಿ ಸ್ಪೀಕರ್ ಆಗಿದ್ದಾಗ, ಬ್ರೌನ್ ಹಣಕಾಸಿನ ಪ್ರಬಲ ಸಮಿತಿಯಾದ ವೇಸ್ ಅಂಡ್ ಮೀನ್ಸ್‌ನ ಅಧ್ಯಕ್ಷರಾದರು. 1974ರಲ್ಲಿ ಮೊರೆಟ್ಟಿ ಗವರ್ನರ್ ಸ್ಥಾನಕ್ಕೆ ಹೊರಟಾಗ ಸ್ಪೀಕರ್ ಕುರ್ಚಿ ತಮಗೇ ಎಂದು ಬ್ರೌನ್ ನಂಬಿದ್ದರು. ತಮ್ಮ ಕಡೆ ಎಂದು ಎಣಿಸಿಕೊಂಡಿದ್ದ ಕೆಲವು ಕಪ್ಪು ಮತ್ತು ಲ್ಯಾಟಿನೊ ಸದಸ್ಯರೇ ಲಿಯೊ ಮೆಕಾರ್ಥಿ ಜೊತೆ ಹೋದರು. ಬ್ರೌನ್ ಸೋತರು, ಸಮಿತಿಯ ಅಧ್ಯಕ್ಷಗಿರಿಯೂ ಹೋಯಿತು. 'ನನ್ನವರು' ಎಂದುಕೊಳ್ಳುವುದು ಬೇರೆ, ಹೆಸರು ಹಿಡಿದು ಒಬ್ಬೊಬ್ಬರ ಮತ ಖಚಿತ ಮಾಡಿಕೊಳ್ಳುವುದು ಬೇರೆ. ಮುಂದಿನ ಇಪ್ಪತ್ತು ವರ್ಷ ಅವರು ಎರಡನೆಯದನ್ನೇ ಮಾಡಿದರು.

ಕೈಯಲ್ಲಿ ಅಧಿಕಾರವಿಲ್ಲದ ಈ ಹೊತ್ತಿನಲ್ಲೇ ಅವರ ಅತ್ಯಂತ ದೀರ್ಘಕಾಲ ಬಾಳಿದ ಕಾನೂನು ಬಂದದ್ದು. ಒಪ್ಪಿಗೆಯುಳ್ಳ ವಯಸ್ಕರ ಖಾಸಗಿ ಲೈಂಗಿಕ ಸಂಬಂಧ ಅಪರಾಧವಲ್ಲ ಎಂಬ ಮಸೂದೆಯನ್ನು ಅವರು 1969ರಿಂದ ಮತ್ತೆ ಮತ್ತೆ ತರುತ್ತಿದ್ದರು. 1975ರಲ್ಲಿ ಅದು ಎಬಿ 489 ಎಂಬ ಹೆಸರಿನಲ್ಲಿ ಅಸೆಂಬ್ಲಿ ದಾಟಿ ಸೆನೆಟ್‌ಗೆ ಬಂತು. ಅಲ್ಲಿ 20-20 ಸಮ. ಸಮಬಲ ಮುರಿಯುವ ಮತ ಲೆಫ್ಟಿನೆಂಟ್ ಗವರ್ನರ್ ಮರ್ವಿನ್ ಡಿಮಲಿ ಅವರದು, ಆದರೆ ಅವರು ಡೆನ್ವರ್‌ನಲ್ಲಿದ್ದರು. ಸೆನೆಟ್‌ನ ಬಹುಮತ ಪಕ್ಷದ ನಾಯಕ ಜಾರ್ಜ್ ಮಾಸ್ಕೋನಿ ಸದನದ ಬಾಗಿಲು ಹಾಕಿಸಿದರು. ಒಬ್ಬ ಸದಸ್ಯ ಎದ್ದು ಹೋದರೂ, ಒಬ್ಬರು ಮನಸ್ಸು ಬದಲಿಸಿದರೂ ಮಸೂದೆ ಬಿದ್ದುಹೋಗುತ್ತಿತ್ತು. ಡಿಮಲಿ ವಿಮಾನ ಹಿಡಿದು ಬಂದು ಮತ ಹಾಕಿದರು: 21-20. ಜೆರ್ರಿ ಬ್ರೌನ್ ಸಹಿ ಹಾಕಿದರು, 1976ರ ಜನವರಿ 1ರಿಂದ ಕಾನೂನು ಜಾರಿಗೆ ಬಂತು. ಬ್ರೌನ್ ಬಗ್ಗೆ ಬರೆಯುವವರು ಅಧಿಕಾರದ ಆಟದ ಕಡೆಗೇ ಹೆಚ್ಚು ವಾಲುತ್ತಾರೆ. ನನ್ನ ಮಟ್ಟಿಗೆ ಈ ಮಸೂದೆಗೆ ಅದಕ್ಕಿಂತ ಹೆಚ್ಚು ಪುಟ ಸಲ್ಲಬೇಕು.

1980: 28 ಮತ್ತು 23

1979ರ ಕೊನೆಗೆ ಹೊವರ್ಡ್ ಬರ್ಮನ್ ತಮ್ಮದೇ ಪಕ್ಷದ ಸ್ಪೀಕರ್ ಮೆಕಾರ್ಥಿಯವರನ್ನು ಇಳಿಸಲು ಹೊರಟರು. ಜಗಳ ವರ್ಷವಿಡೀ ನಡೆಯಿತು. 1980ರ ನವೆಂಬರ್ ಚುನಾವಣೆ ಮುಗಿದಾಗ ಡೆಮಾಕ್ರಟರ ಪೈಕಿ ಬರ್ಮನ್ ಬಣ ದೊಡ್ಡದಾಗಿತ್ತು. ಪಕ್ಷದೊಳಗಿನ ಲೆಕ್ಕವೇ ಕೊನೆಯದಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬ್ರೌನ್ ರಿಪಬ್ಲಿಕನ್ನರ ಬಳಿ ಹೋದರು. ಡಿಸೆಂಬರ್ 1ರಂದು 28 ರಿಪಬ್ಲಿಕನ್ನರು, 23 ಡೆಮಾಕ್ರಟರು, ಒಟ್ಟು 51 ಮತಗಳಿಂದ ಅವರು ಸ್ಪೀಕರ್ ಆದರು. ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿ ಅವರೇ. ಅವರನ್ನು 'ಡೆಮಾಕ್ರಟಿಕ್ ಪಕ್ಷದ ಧಣಿ' ಎಂದಷ್ಟೇ ಬರೆದರೆ ಉತ್ತರ ಅರ್ಧ ತಪ್ಪು, ಏಕೆಂದರೆ ಮೊದಲ ಗೆಲುವಿನಲ್ಲಿ ಸ್ವಪಕ್ಷಕ್ಕಿಂತ ಎದುರುಪಕ್ಷದ ಮತವೇ ಹೆಚ್ಚು.

ಈ ಸ್ನೇಹ ಹೆಚ್ಚು ದಿನ ಬಾಳಲಿಲ್ಲ. 1981ರ ಕ್ಷೇತ್ರ ಪುನರ್ವಿಂಗಡಣೆಯ ನಕ್ಷೆಗಳು ಡೆಮಾಕ್ರಟರಿಗೆ ಅನುಕೂಲವಾಗಿದ್ದವು. ರಿಪಬ್ಲಿಕನ್ನರು ಅವನ್ನು ಜನಮತಕ್ಕೆ ಒಯ್ದರು, 1982ರ ಜೂನ್‌ನಲ್ಲಿ ಮತದಾರರು ತಿರಸ್ಕರಿಸಿದರು. ಆದರೂ ಪುನರ್ವಿಂಗಡಣೆ ತೆರೆದ ದಾರಿಯಲ್ಲಿ ಬರ್ಮನ್ ಅದೇ ವರ್ಷ ವಾಷಿಂಗ್ಟನ್‌ನ ಕಾಂಗ್ರೆಸ್‌ಗೆ ಆಯ್ಕೆಯಾಗಿ ಹೋದರು. ಪ್ರತಿಸ್ಪರ್ಧಿಗೆ ಮೇಲಿನ ದಾರಿ ತೆರೆದುಕೊಂಡರೆ ಕೆಳಗಿನ ಜಗಳ ತಾನಾಗಿಯೇ ತಣ್ಣಗಾಗುತ್ತದೆ. ಪುನರ್ವಿಂಗಡಣೆಯ ಈ ಉಪಯೋಗ ಪಠ್ಯಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ಕುರ್ಚಿ ಉಳಿಸಿಕೊಂಡ ಬಗೆ ನೇರವಾದದ್ದು: ಚಂದಾ ಎತ್ತಿ ಸದಸ್ಯರ ಚುನಾವಣೆಗೆ ಹಂಚುವುದು, ಟೀಕೆ ಬಂದಾಗ ಅದನ್ನು ತಾವೇ ಹೊತ್ತುಕೊಳ್ಳುವುದು. 1987-88ರಲ್ಲಿ ಗ್ಯಾರಿ ಕಾಂಡಿಟ್, ಸ್ಟೀವ್ ಪೀಸ್ ಸೇರಿ ಐವರು ಡೆಮಾಕ್ರಟರು ಬಂಡೆದ್ದರು. 36 ರಿಪಬ್ಲಿಕನ್ನರ ಜೊತೆ ಈ ಐವರು ಸೇರಿದರೆ ಸರಿಯಾಗಿ 41. ಬ್ರೌನ್ ಈ ಐವರ ಸಮಿತಿ ಸ್ಥಾನಗಳನ್ನು ಕಿತ್ತುಕೊಂಡರು. ಮುಂದಿನ ಚುನಾವಣೆಯಲ್ಲಿ ಡೆಮಾಕ್ರಟರ ಬಲ ಹೆಚ್ಚಿತು, ಐವರ ಬೆದರಿಕೆ ಸಪ್ಪೆಯಾಯಿತು.

ಇದೇ ಅಧಿಕಾರದ ಕೆಟ್ಟ ಮುಖವನ್ನೂ ಓದಬೇಕು. 1987ರ ಸೆಪ್ಟೆಂಬರ್‌ನಲ್ಲಿ, ಕ್ಯಾಪಿಟಲ್ ಹತ್ತಿರದ ಫ್ರ್ಯಾಂಕ್ ಫ್ಯಾಟ್ಸ್ ಎಂಬ ಚೀನೀ ಹೋಟೆಲಿನಲ್ಲಿ ವೈದ್ಯರು, ವಕೀಲರು, ವಿಮಾ ಕಂಪನಿಗಳು, ಉದ್ಯಮಗಳ ಪ್ರತಿನಿಧಿಗಳು ಹಾನಿಗೆ ಪರಿಹಾರ ಕೇಳುವ ಕಾನೂನಿನ ಬಗ್ಗೆ ರಾಜಿಗೆ ಬಂದರು. ಸೆನೆಟರ್ ಬಿಲ್ ಲಾಕ್ಯರ್ ಷರತ್ತುಗಳನ್ನು ಬಟ್ಟೆಯ ನ್ಯಾಪ್ಕಿನ್ ಮೇಲೆ ಬರೆದುಕೊಂಡರು. ಅಧಿವೇಶನದ ಕೊನೆಯ ಗಳಿಗೆಯಲ್ಲಿ ಅದು ಬ್ರೌನ್ ಮತ್ತು ಲಾಕ್ಯರ್ ಇಬ್ಬರ ಹೆಸರಿನ ಕಾಯ್ದೆಯಾಗಿ ಪಾಸಾಯಿತು. ತಂಬಾಕು ಕಂಪನಿಗಳ ಮೇಲೆ ಮೊಕದ್ದಮೆ ಹೂಡಲಾಗದಂಥ ರಕ್ಷಣೆಯೂ ಅದರೊಳಗೆ ಸೇರಿತ್ತು. ಸಾರ್ವಜನಿಕ ಚರ್ಚೆ ಇಲ್ಲದೆ ಪಾಸಾದರೆ ಆಗುವ ಹಾನಿ ಇದೇ: ಒಪ್ಪಂದದ ಮೇಜಿನಲ್ಲಿ ರೋಗಿಗಳ ಪರ ಯಾರೂ ಇರಲಿಲ್ಲ. ಆ ರಕ್ಷಣೆ ರದ್ದಾಗಲು 1998 ಬರಬೇಕಾಯಿತು.

ಪ್ರೊಪೊಸಿಷನ್ 140 ಮತ್ತು 1995

1990ರ ನವೆಂಬರ್‌ನಲ್ಲಿ ಮತದಾರರು ಪ್ರೊಪೊಸಿಷನ್ (ಮತದಾರರ ನೇರ ಮತಕ್ಕೆ ಇಡುವ ಪ್ರಸ್ತಾವ) 140 ಒಪ್ಪಿದರು. ಅಸೆಂಬ್ಲಿಯಲ್ಲಿ ಜೀವಮಾನಕ್ಕೆ ಮೂರು ಅವಧಿ, ಅಂದರೆ 6 ವರ್ಷ. ಸೆನೆಟ್‌ನಲ್ಲಿ ಎರಡು ಅವಧಿ, 8 ವರ್ಷ. ಶಾಸನಸಭೆಯ ಖರ್ಚಿಗೂ ಸುಮಾರು ಶೇ 40ರಷ್ಟು ಕತ್ತರಿ. ಪ್ರಚಾರದಲ್ಲಿ ಬ್ರೌನ್ ಅವರೇ ಗುರಿ. ಹಾಲಿ ಸದಸ್ಯರ ಲೆಕ್ಕ 1990ರಿಂದ ಶುರುವಾದ್ದರಿಂದ ಅವರು 1996ರೊಳಗೆ ಹೊರಡಲೇಬೇಕಿತ್ತು.

ಹೊರಡುವ ಮುನ್ನದ ಒಂದು ವರ್ಷ ಪರೀಕ್ಷೆಗೆ ಓದುವವರನ್ನು ಕಾಡುವ ಭಾಗ. ಹಂತ ಹಂತವಾಗಿ ನೋಡೋಣ. 1994ರ ಚುನಾವಣೆಯಲ್ಲಿ ರಿಪಬ್ಲಿಕನ್ 41, ಡೆಮಾಕ್ರಟ್ 39. ಡಿಸೆಂಬರ್ 5ರಂದು ರಿಪಬ್ಲಿಕನ್ ಪಾಲ್ ಹಾರ್ಚರ್ ಪಕ್ಷ ಬಿಟ್ಟು ಸ್ವತಂತ್ರರಾಗಿ ಬ್ರೌನ್‌ಗೆ ಮತ ಹಾಕಿದರು: ಬ್ರೌನ್ 40, ರಿಪಬ್ಲಿಕನ್ ನಾಯಕ ಜಿಮ್ ಬ್ರುಲ್ಟಿ 40. ರಿಚರ್ಡ್ ಮೌಂಟ್‌ಜಾಯ್ ಎಂಬ ರಿಪಬ್ಲಿಕನ್ ಅಸೆಂಬ್ಲಿಗೂ ಸೆನೆಟ್‌ಗೂ ಒಟ್ಟಿಗೆ ಆಯ್ಕೆಯಾಗಿದ್ದರು, ಪಕ್ಷದ ಸಂಖ್ಯೆ ಕಾಯಲು ಅಸೆಂಬ್ಲಿಯಲ್ಲೇ ಕುಳಿತಿದ್ದರು. 1995ರ ಜನವರಿಯಲ್ಲಿ ಅವರನ್ನು ಅನರ್ಹರೆಂದು ಹೊರಗಿಟ್ಟ ಮೇಲೆ ಬ್ರೌನ್ 40-39ರಿಂದ ಗೆದ್ದರು. ನಮ್ಮ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರವಾದರೆ ಪಕ್ಷ ಬಿಟ್ಟ ಹಾರ್ಚರ್ ಅನರ್ಹತೆ ಎದುರಿಸಬೇಕಾಗುತ್ತಿತ್ತು. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಶಿಕ್ಷೆ ಕೊಡುವವರು ಮತದಾರರು. ಮೇ ತಿಂಗಳಲ್ಲಿ ರೀಕಾಲ್ (ಅವಧಿಗೆ ಮುನ್ನವೇ ಸದಸ್ಯರನ್ನು ವಾಪಸ್ ಕರೆಸುವ) ಮತದಾನ ನಡೆದು ಹಾರ್ಚರ್ ಸ್ಥಾನ ಕಳೆದುಕೊಂಡರು.

ಸಂಖ್ಯೆ ಮತ್ತೆ ಕೈತಪ್ಪುವುದು ಕಂಡಾಗ ಬ್ರೌನ್ ಕುರ್ಚಿ ಬಿಟ್ಟರು, ಆದರೆ ರಿಪಬ್ಲಿಕನ್ ನಾಯಕರ ಕೈಗೆ ಕೊಡಲಿಲ್ಲ. ಸೆನೆಟ್ ಉಪಚುನಾವಣೆಯಲ್ಲಿ ಸ್ವಪಕ್ಷದ ನಾಯಕರ ಬೆಂಬಲ ಸಿಗದೆ ನೊಂದಿದ್ದ ರಿಪಬ್ಲಿಕನ್ ಡೋರಿಸ್ ಆ್ಯಲೆನ್ ಅವರಿಗೆ 39 ಡೆಮಾಕ್ರಟರ ಮತ ಕೊಡಿಸಿದರು. ಆಕೆಯ ಸ್ವಂತ ಮತ ಸೇರಿ 40. ಜೂನ್‌ನಲ್ಲಿ ಆಕೆ ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ಸ್ಪೀಕರ್ ಆದರು, ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು, ನವೆಂಬರ್‌ನಲ್ಲಿ ರೀಕಾಲ್‌ಗೆ ಗುರಿಯಾದರು. ನಂತರ ಬಂದ ಬ್ರಯನ್ ಸೆಟೆನ್ಸಿಚ್ ಕೂಡ ಡೆಮಾಕ್ರಟರ ಬಲದಿಂದ ಗೆದ್ದ ರಿಪಬ್ಲಿಕನ್. ಕರ್ಟ್ ಪ್ರಿಂಗಲ್ ಸ್ಪೀಕರ್ ಆಗಿ ರಿಪಬ್ಲಿಕನ್ನರ ಕೈಗೆ ನಿಜವಾಗಿ ಅಧಿಕಾರ ಬಂದದ್ದು 1996ರ ಜನವರಿಯಲ್ಲಿ. ಅಷ್ಟರಲ್ಲಿ ಬ್ರೌನ್ ಹಾಲಿ ಮೇಯರ್ ಫ್ರ್ಯಾಂಕ್ ಜೋರ್ಡನ್ ಅವರನ್ನು ಸೋಲಿಸಿ ಸ್ಯಾನ್ ಫ್ರಾನ್ಸಿಸ್ಕೊ ಮೇಯರ್ ಆಗಿ ಆಯ್ಕೆಯಾಗಿದ್ದರು. ಅಲ್ಲಿ 2004ರವರೆಗೆ ಎರಡು ಅವಧಿ.

ಇನ್ನೊಬ್ಬ ಬ್ರೌನ್ ಬರದಂತೆ ಅವಧಿ ಮಿತಿ ತಡೆಯಿತು, ಅದು ನಿಜ. ಪ್ರಿಂಗಲ್ ನಂತರದ ಎಂಟು ವರ್ಷಗಳಲ್ಲಿ ಬುಸ್ಟಮಾಂಟೆ, ವಿಯರೈಗೋಸಾ, ಹರ್ಟ್ಸ್‌ಬರ್ಗ್, ವೆಸನ್ ಎಂದು ಸ್ಪೀಕರ್‌ಗಳು ಒಬ್ಬರ ಹಿಂದೊಬ್ಬರು ಬದಲಾದರು. ಬಜೆಟ್ ಅರ್ಥಮಾಡಿಕೊಳ್ಳುವಷ್ಟರಲ್ಲಿ ಸದಸ್ಯರು ಹೊರಡುವ ಸಮಯ ಬರುತ್ತಿತ್ತು. 2012ರಲ್ಲಿ ಮತದಾರರು ಪ್ರೊಪೊಸಿಷನ್ 28 ಮೂಲಕ ನಿಯಮ ಸಡಿಲಿಸಿ, ಎರಡು ಸದನ ಸೇರಿ ಒಟ್ಟು 12 ವರ್ಷ, ಬೇಕಿದ್ದರೆ ಪೂರ್ತಿ ಒಂದೇ ಸದನದಲ್ಲಿ ಇರಬಹುದು ಎಂದು ಬದಲಿಸಿದರು.