‘ಬಂದಳು’ ಅನ್ನುವವರು ಯಾರು?

ಕನ್ನಡದಲ್ಲಿ ‘ನಾನು ಬಂದೆ’ ಅಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹಿಂದಿಯವರು ‘ಆಯಾ’, ‘ಆಯೀ’ ಎಂದು ತಮ್ಮ ಲಿಂಗವನ್ನು ತಾವೇ ಕ್ರಿಯಾಪದದಲ್ಲಿ ಹೇಳಿಬಿಡುತ್ತಾರೆ. ನಮ್ಮಲ್ಲಿ ಅದನ್ನು ಹೇಳುವವರು ಬೇರೆಯವರು: ಬಂದ, ಬಂದಳು, ಬಂದರು. ‘ಬಂತು’ ಎನ್ನುವುದೂ ಇದೆ. ಮಗುವಿಗೆ ಅಂದರೆ ಅದು ಮುದ್ದು; ಗಂಡಾಗಿ ಹುಟ್ಟಿ ಎಲ್ಲಮ್ಮನ ಸೇವೆಗೆ ನಿಂತು ಸೀರೆಯುಟ್ಟು ಬದುಕುವ ಜೋಗಪ್ಪನಿಗೆ ಅಂದರೆ ಮನುಷ್ಯರ ಸಾಲಿನಿಂದಲೇ ಹೊರಗಿಟ್ಟ ಹಾಗೆ. ಲಿಂಗತ್ವದ ಗುರುತು ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಸಮಾಜಶಾಸ್ತ್ರ ಹಿಡಿಯುವುದು ಈ ತುದಿಯಿಂದ. ಒಳಗೆ ಅನ್ನಿಸುವುದು ಒಂದು, ಸುತ್ತಲಿನವರು ಕರೆಯುವುದು ಇನ್ನೊಂದು. ಇವೆರಡರ ಕೊಡುಕೊಳ್ಳುವಿಕೆಯಲ್ಲಿ ಗುರುತು ಗಟ್ಟಿಯಾಗುತ್ತದೆ.

ಜೋಗಪ್ಪಂದಿರ ಬದುಕಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಗುಡ್ಡದ ಸೀಮೆಯಲ್ಲಿ, ಕೊಪ್ಪಳದ ಹುಲಿಗಿಯ ಕಡೆ, ಗಂಡಾಗಿ ಹುಟ್ಟಿ ಹೆಣ್ಣಿನ ನಡೆ ಇರುವವರಿಗೆ ಮೊದಲೇ ಒಂದು ಜಾಗ ಕಾದಿರುತ್ತದೆ. ಅಲ್ಲಿಗೆ ಹೋಗುವ ದಾರಿ ಒಂದು ದಿನದ್ದಲ್ಲ. ಹುಡುಗ ರಂಗೋಲಿ, ಮುಸುರೆ ಎಂದು ಹೆಣ್ಣುಮಕ್ಕಳ ಕೆಲಸಕ್ಕೆ ಕೈಹಾಕುತ್ತಾನೆ, ಮನೆಯವರು ಬಡಿಯುತ್ತಾರೆ. ಆಮೇಲೆ ವಾಸಿಯಾಗದ ಕಾಯಿಲೆ, ಮೈಮೇಲೆ ಬರುವುದು, ಕೂದಲು ಜಡೆಗಟ್ಟುವುದು, ಹೀಗೆ ಏನೋ ಒಂದು ಆಗುತ್ತದೆ. ‘ಎಲ್ಲಮ್ಮ ಹಿಡಿದಾಳ’ ಎಂಬ ಮಾತು ಹುಟ್ಟುತ್ತದೆ. ಹಿರಿಯ ಜೋಗಪ್ಪನನ್ನು ಕೇಳಿ ಮುತ್ತು ಕಟ್ಟಿಸುತ್ತಾರೆ: ಕೊರಳಿಗೆ ಕೆಂಪು-ಬಿಳಿ ಮಣಿಸರ, ಮೈಗೆ ಸೀರೆ, ಕೈಗೆ ಬಳೆ. ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ದೇವಿಯ ಕೊಡ ಹೊತ್ತು ಐದು ಮನೆ ಜೋಗ (ಭಿಕ್ಷೆ), ಚೌಡಿಕೆ ಎಂಬ ತಂತಿವಾದ್ಯದ ಜೊತೆ ಪದ.

‘ಹಿಡಿದಾಳ’ ಎಂಬ ಆ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಅದನ್ನು ಆಡುವ ಮುಂಚೆ ಹುಡುಗನಿಗೆ ಒಳಗೆ ಏನನ್ನಿಸುತ್ತಿತ್ತೋ ಆಡಿದ ಮೇಲೂ ಅದೇ ಅನ್ನಿಸುತ್ತದೆ. ಬದಲಾಗುವುದು ಮಿಕ್ಕವರು. ತಪ್ಪು ಹುಡುಗನದಲ್ಲ, ಇಚ್ಛೆ ದೇವಿಯದು ಎಂದಾದ ಕೂಡಲೇ ಬಡಿದ ಕೈಯೇ ಕಾಲು ಮುಟ್ಟಬೇಕಾಗುತ್ತದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಮೇರಿ ಮ್ಯಾಕಿಂಟಾಷ್ 1968ರಲ್ಲಿ ಸಲಿಂಗಿ ಎನ್ನುವುದನ್ನು ರೋಗವಾಗಿ ನೋಡದೆ ಸಮಾಜ ಕಟ್ಟಿದ ಪಾತ್ರವಾಗಿ ನೋಡಿ ಎಂದರು. ಆ ಪಾತ್ರದಲ್ಲಿ ಯಾರು ನಿಲ್ಲಬಹುದು, ನಿಂತವರಿಂದ ಏನನ್ನು ಅಪೇಕ್ಷಿಸಲಾಗುತ್ತದೆ ಎಂಬುದನ್ನು ಊರು ತೀರ್ಮಾನಿಸುತ್ತದೆ.

ಪಾತ್ರ ಸಿಕ್ಕರೆ ಸಾಲದು, ಅದನ್ನು ದಿನಾ ನಡೆಸಬೇಕು. ಲಿಂಗತ್ವ ನಾವು ‘ಮಾಡುವ’ ಕೆಲಸ, ಅದಕ್ಕೆ ಎದುರಿಗಿರುವವರು ಲೆಕ್ಕ ಕೇಳುತ್ತಲೇ ಇರುತ್ತಾರೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞರಾದ ವೆಸ್ಟ್ ಮತ್ತು ಜಿಮ್ಮರ್‌ಮನ್ 1987ರಲ್ಲಿ ಬರೆದದ್ದು ಈ ಅರ್ಥದಲ್ಲೇ. ಸವದತ್ತಿಯಲ್ಲಿ ದೇವಿ ವಿಧವೆಯಾಗುವ ರಂಡಿ ಹುಣ್ಣಿಮೆಗೆ ಅವಳ ಜೊತೆಗೆ ಬಳೆ ಒಡೆಯಿಸಿಕೊಳ್ಳುವ ಜೋಗಪ್ಪ ಮುತ್ತೈದೆ ಹುಣ್ಣಿಮೆಗೆ ಮತ್ತೆ ಬಳೆ ತೊಡುತ್ತಾಳೆ. ಹೆಣ್ತನ ಪ್ರತಿ ವರ್ಷ ಜನರ ಕಣ್ಣೆದುರು ಹೊಸದಾಗುತ್ತದೆ. ಪಂಚೆ ಉಟ್ಟು ಮೀಸೆ ತಿರುವುವ ಗಂಡಸೂ ಇದನ್ನೇ ಮಾಡುತ್ತಿರುತ್ತಾನೆ. ಅವನನ್ನು ಯಾರೂ ಪ್ರಶ್ನಿಸದ ಕಾರಣ ಆ ದುಡಿಮೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಹೆಸರಿನಲ್ಲೂ ಇದೇ ಕೆಲಸ ನಡೆಯುತ್ತದೆ. ‘ಜೋಗಪ್ಪ’ ಎಂಬ ಪದದಲ್ಲಿ ಊರು ಉಳಿಸಿಕೊಂಡ ‘ಅಪ್ಪ’ ಇದ್ದಾನೆ. 2021ರ ಪದ್ಮಶ್ರೀ ಪಟ್ಟಿಯಲ್ಲಿ ಇದ್ದದ್ದು ಮಾತ್ರ ಇದೇ ಸಮುದಾಯದ ಕಲಾವಿದೆ ಮಂಜಮ್ಮ ಜೋಗತಿ ಎಂಬ ಹೆಸರು.

ಇದೇ ಹುಡುಗ ಬೆಂಗಳೂರಿಗೆ ಓಡಿಹೋಗಿ ಹಿಜಡಾ ಜಮಾತಿಗೆ, ಅಂದರೆ ಅವರ ಕೂಟಕ್ಕೆ, ಸೇರಿದ್ದರೆ ಬೇರೆಯೇ ವ್ಯಕ್ತಿಯಾಗುತ್ತಿದ್ದ. ಅಲ್ಲಿ ದೇವಿಯ ಕರೆಗಿಂತ ಗುರು-ಚೇಲಾ ಸಂಬಂಧ ದೊಡ್ಡದು, ಗಂಡಿನ ಜನನಾಂಗ ತೆಗೆಸುವ ‘ನಿರ್ವಾಣ’ದ ಶಸ್ತ್ರಕ್ರಿಯೆಗೆ ಮಾನ ಹೆಚ್ಚು. ಜೋಗಪ್ಪ ಪದ್ಧತಿ ಅದನ್ನು ಕೇಳುವುದಿಲ್ಲ. ಇನ್ನು ಹೆಣ್ಣಾಗಿ ಹುಟ್ಟಿ ಗಂಡೆಂದು ಬದುಕಬಯಸುವವರಿಗೆ ಇಂಥ ಸಿದ್ಧ ಜಾಗ ಯಾವುದೂ ಇಲ್ಲ. ಮನೆ ಬಿಟ್ಟು ಹೋಗುವುದೂ ಅವರಿಗೆ ಕಷ್ಟ, ಅಷ್ಟರಲ್ಲಿ ಮದುವೆಯ ಮಾತು ಬಂದಿರುತ್ತದೆ. ಅವರು ಕಣ್ಣಿಗೆ ಬೀಳದಿರುವುದನ್ನೇ ಅವರು ಇಲ್ಲದಿರುವುದಕ್ಕೆ ಪುರಾವೆ ಎಂದುಕೊಳ್ಳುವುದು ಈ ಕ್ಷೇತ್ರದಲ್ಲಿ ಬಹಳ ಸಲ ಕಂಡುಬರುವ ತಪ್ಪು.

ಇಲ್ಲಿಯವರೆಗಿನದು ತಾನು ಯಾರು ಎಂಬುದರ ಮಾತು. ಯಾರ ಮೇಲೆ ಮನಸ್ಸು ಎಂಬುದು ಬೇರೆ ಪ್ರಶ್ನೆ, ಅದರಲ್ಲಿಯೂ ಮೂರು ಎಳೆಗಳಿವೆ: ಆಸೆ, ನಡವಳಿಕೆ, ಗುರುತು. ಮೂರೂ ಒಂದೇ ಕಡೆಗೆ ಎಳೆಯಬೇಕೆಂದಿಲ್ಲ. ಹೆಂಡತಿ ಮಕ್ಕಳಿರುವ ಒಬ್ಬಾತ ಗಂಡಸರ ಜೊತೆ ಮಲಗಿಯೂ ತನಗೆ ಯಾವ ಹೆಸರನ್ನೂ ಇಟ್ಟುಕೊಂಡಿರುವುದಿಲ್ಲ. ಆ ಸಂಬಂಧದಲ್ಲಿ ಹೆಣ್ಣಿನ ನಡೆಯವರು ತಮ್ಮನ್ನು ‘ಕೋತಿ’ (ಮಂಗ ಎಂಬ ಅರ್ಥದ ಪದವಲ್ಲ, ಈ ಸಮುದಾಯದೊಳಗಿನ ಹೆಸರು) ಎಂದುಕೊಳ್ಳಬಹುದು. ಅಲ್ಲಿ ಗುರುತು ನಿಲ್ಲುವುದು ಸಂಗಾತಿಯ ಲಿಂಗದ ಮೇಲಲ್ಲ, ತಾನು ವಹಿಸುವ ಪಾತ್ರದ ಮೇಲೆ. ‘ಗೇ’ ಎಂಬ ಪದ ಹೆಚ್ಚಾಗಿ ಇಂಗ್ಲಿಷ್ ಓದಿದ ನಗರದವರದು. ಎಚ್‌ಐವಿ ತಡೆ ಯೋಜನೆಗಳು ಬಂದಾಗ ಗೆಳೆಯರ ನಡುವಿನ ‘ಕೋತಿ’ ಪದ ಕಡತದ ವರ್ಗವಾಯಿತು. ಕಾಂಡೋಮ್, ತಪಾಸಣೆ, ಕ್ಷೇತ್ರ ಕಾರ್ಯಕರ್ತನ ಕೆಲಸ ಎಲ್ಲವೂ ಆ ವರ್ಗದ ಮೂಲಕ ಬರತೊಡಗಿದ ಮೇಲೆ ಜನ ಆ ಹೆಸರಿನಲ್ಲಿ ತಮ್ಮನ್ನು ಗುರುತಿಸಿಕೊಳ್ಳಲು ಇನ್ನೊಂದು ಕಾರಣ ಸಿಕ್ಕಿತು. ಇದರಲ್ಲಿ ಮೋಸವಿಲ್ಲ. ಹೆಸರು ಸಿಕ್ಕಲ್ಲಿ ಮನುಷ್ಯರು ನೆಲೆ ಕಂಡುಕೊಳ್ಳುತ್ತಾರೆ.

‘ಸಮಾಜ ರೂಪಿಸಿದ್ದು’ ಅಂದ ಕೂಡಲೇ ತಂದೆತಾಯಿಗಳು ಕೇಳುವುದು, ‘ಹಾಗಾದರೆ ತಿದ್ದಬಹುದಲ್ಲ?’ ಎಂದು. ಆಗುವುದಿಲ್ಲ. ಕನ್ನಡವನ್ನೂ ನಾವು ಸಮಾಜದಿಂದಲೇ ಕಲಿತದ್ದು. ನಾಳೆಯಿಂದ ಕನಸು ಕಾಣುವುದನ್ನು ತಮಿಳಿನಲ್ಲಿ ಇಟ್ಟುಕೊ ಅಂದರೆ ಯಾರಿಂದಾದೀತು? ಸಮಾಜ ಕೊಡುವುದು ಆಕಾರವನ್ನು, ಹೆಸರನ್ನು, ಬದುಕುವ ದಾರಿಯನ್ನು. ಆಸೆಯನ್ನು ಒತ್ತಾಯದಿಂದ ತಿರುಗಿಸುವ ಕೀಲಿ ಅದರ ಹತ್ತಿರ ಇಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಉಪಾಯದಿಂದ ಎರಡು ಜೀವಗಳು ಹಾಳಾಗುತ್ತವೆ. ‘ಪರಿವರ್ತನಾ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಸಮೀಕ್ಷೆ, ಶಾಲಾ ದಾಖಲೆ, ಆಪ್ತಸಮಾಲೋಚನೆಯ ಕಡತ ಬರೆಯುವವರಿಗೆ ಇದೆಲ್ಲ ನೇರವಾಗಿ ಸಂಬಂಧಿಸಿದ್ದು. 2001ರ ಜನಗಣತಿಯಲ್ಲಿ ಜೋಗಪ್ಪ, ಹಿಜಡಾ ಮುಂತಾದವರನ್ನು ಗಂಡಸರ ಲೆಕ್ಕಕ್ಕೆ ಸೇರಿಸಿದ್ದರು. 2011ರಲ್ಲಿ ಗಂಡು 1, ಹೆಣ್ಣು 2, ಇತರೆ 3 ಎಂದು ಸಂಕೇತ ಬಂತು. ‘ಇತರೆ’ ಎಂದು ದಾಖಲಾದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಮನೆಯಲ್ಲಿ ಗಂಡುಮಗನೆಂದೇ ಬರೆಸಿದ ಎಷ್ಟೋ ಜನ ಈ ಲೆಕ್ಕಕ್ಕೆ ಬಂದಿರಲಾರರು. ತನ್ನ ಲಿಂಗತ್ವವನ್ನು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಆಮೇಲೆ, 2014ರ ಏಪ್ರಿಲ್ 15ರಂದು.

ಹಾಗಾಗಿ ಪ್ರಶ್ನೆಗಳನ್ನು ಬಿಡಿಸಿ ಕೇಳಬೇಕು. ಹುಟ್ಟಿದಾಗ ಏನೆಂದು ಬರೆಸಿದ್ದರು, ಈಗ ತಮ್ಮನ್ನು ಏನೆಂದುಕೊಳ್ಳುತ್ತಾರೆ ಎಂಬುದು ಎರಡು ಬೇರೆ ಅಂಕಣಗಳಲ್ಲಿ ಬರಲಿ. ಆಸೆ, ನಡವಳಿಕೆಗಳ ಪ್ರಶ್ನೆ ನಿಜಕ್ಕೂ ಬೇಕಿದ್ದರೆ ಮಾತ್ರ, ಅದೂ ಒಬ್ಬರೇ ಇರುವಾಗ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಬರುವ ಉತ್ತರ ಅತ್ತೆಗೆ ಕೊಟ್ಟ ಉತ್ತರ. ಉತ್ತರವನ್ನು ಅವರಾಡಿದ ಮಾತಿನಲ್ಲೇ ಬರೆದುಕೊಳ್ಳಿ. ‘ಜೋಗಪ್ಪ’ ಅಂದರೆ ಜೋಗಪ್ಪ ಎಂದೇ ಬರೆಯಿರಿ, ‘ತೃತೀಯ ಲಿಂಗಿ’ ಎಂದು ತಿದ್ದಬೇಡಿ. ಮೊದಲ ಪ್ರಶ್ನೆ ‘ನಿಮ್ಮನ್ನು ಏನಂತ ಕರೀಲಿ?’ ಎಂದಿರಲಿ. ಅವರು ಹೇಳುವ ತನಕ ‘ಅವರು’, ‘ಬಂದರು’ ಸಾಕು. ಗೌರವವೂ ಉಳಿಯುತ್ತದೆ, ಊಹೆಯೂ ತಪ್ಪುತ್ತದೆ.

ಇನ್ನೊಂದು ಅಂಕಣವನ್ನು ಹೆಚ್ಚಿನ ನಮೂನೆಗಳು ಮರೆಯುತ್ತವೆ: ಈ ಉತ್ತರ ಹೇಳಿದವರು ಯಾರು? 2011ರಲ್ಲಿ ‘ಇತರೆ’ ಎಂದು ಎಣಿಸಿದವರಲ್ಲಿ 54,854 ಮಂದಿ ಆರು ವರ್ಷದೊಳಗಿನ ಮಕ್ಕಳು. ಗಣತಿದಾರರ ಎದುರು ಬಾಯಿಬಿಟ್ಟವರು ಆ ಮಕ್ಕಳಲ್ಲ.